ಆರಿ ಹೋದ ಅಕ್ಕಿ

ಕಪಿಲೆಯ ದಂಡೆಯಲ್ಲಿ ಒಂದು ಮಠ. ಮಠ ಅಂದ ಕೂಡಲೇ ಗೋಪುರ, ಆನೆ, ಅಡ್ಡಪಲ್ಲಕ್ಕಿ ಅಂತೆಲ್ಲ ನೆನೆಯಬೇಡಿ. ನಾಲ್ಕು ಅಂಕಣದ ಹೆಂಚಿನ ಮನೆ, ಹಿಂದೆ ದಾಸೋಹದ ಒಲೆ, ಮುಂದೆ ಹೊಳೆಗೆ ಇಳಿಯುವ ಕಲ್ಲುಮೆಟ್ಟಿಲು. ಅಷ್ಟೇ.

ಅಲ್ಲಿದ್ದ ಗುರುಗಳನ್ನು ಸುತ್ತಲ ಊರಿನವರೆಲ್ಲ ‘ಬುದ್ಧಿ’ ಎಂದೇ ಕರೆಯುತ್ತಿದ್ದರು. ಆ ಸೀಮೆಯಲ್ಲಿ ಮಠದವರನ್ನು ಹಾಗೆ ಕರೆಯುವುದು ವಾಡಿಕೆ. ಬುದ್ಧಿಯವರಿಗೆ ವಯಸ್ಸಾಗಿತ್ತು. ಕಣ್ಣಿಗೆ ಪೊರೆ ಬಂದಿತ್ತು. ಕಿವಿ ಮಾತ್ರ ಇನ್ನೂ ಚುರುಕಾಗಿತ್ತು.

ಶಿಷ್ಯನ ಹೆಸರು ನಾಗಮಲ್ಲ. ಚಿಕ್ಕಂದಿನಲ್ಲೇ ಅವನವ್ವ ತಂದು ಮಠಕ್ಕೆ ಬಿಟ್ಟು ಹೋಗಿದ್ದಳು. ಈಗ ಗಡ್ಡ ಬಂದ ಗಂಡಸು. ಮಠದ ಪಾಠಶಾಲೆಯ ಮಕ್ಕಳಿಗೆ ವ್ಯಾಕರಣ ಹೇಳುತ್ತಿದ್ದ. ಸಂಧಿ, ಸಮಾಸ ಎಲ್ಲ ಅವನಿಗೆ ನೀರು ಕುಡಿದಷ್ಟು ಸಲೀಸು. ಯಾರಾದರೂ ಒಂದು ಒತ್ತಕ್ಷರ ತಪ್ಪಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಲಿತವರ ಕಾಯಿಲೆ ಅದು, ಏನು ಮಾಡೋಕಾಗುತ್ತದೆ.

ದಾಸೋಹಕ್ಕೆ ಭಕ್ತರು ಫೋನು ಮಾಡುತ್ತಾರೆ, ಒಂದಿರಲಿ ಅಂತ ಮಠಕ್ಕೆ ಫೋನು ಬಂತು. ಅದು ಬಂದು ಸೇರಿದ್ದು ನಾಗಮಲ್ಲನ ಕೈಗೆ.

ಮೊದಮೊದಲು ಅವನು ಅದರಲ್ಲಿ ಪಂಚಾಂಗ ನೋಡುತ್ತಿದ್ದ. ಆಮೇಲೆ ಸುದ್ದಿ ನೋಡತೊಡಗಿದ. ಸುದ್ದಿಯ ಕೆಳಗೆ ಜನ ಕಿತ್ತಾಡುವುದನ್ನು ನೋಡಿದ. ನೋಡಿ ಸುಮ್ಮನಿರುವ ಜಾಯಮಾನ ಅವನದಲ್ಲ. ‘ವೈಯಾಕರಣ’ ಅಂತ ತನಗೆ ತಾನೇ ಹೆಸರಿಟ್ಟುಕೊಂಡು ಅಖಾಡಕ್ಕೆ ಇಳಿದೇಬಿಟ್ಟ.

ಬೆಳಿಗ್ಗೆ ರಾಜಕೀಯ. ಮಧ್ಯಾಹ್ನ ಯಂತ್ರಗಳು ಬಂದು ನಮ್ಮ ಬುದ್ಧಿಯನ್ನು ತಿಂದವೋ ಇಲ್ಲವೋ ಅನ್ನುವುದು. ಸಂಜೆ ಸಂಸ್ಕೃತಿ. ಎದುರಿಗೆ ಯಾರಿದ್ದರೂ ಸರಿ, ಅವನು ಮೊದಲು ಹಿಡಿಯುತ್ತಿದ್ದದ್ದು ಅವರ ಕಾಗುಣಿತ. ಕಾಗುಣಿತ ಸಿಕ್ಕಿಬಿದ್ದರೆ ಮನುಷ್ಯ ಸಿಕ್ಕಿಬಿದ್ದ ಹಾಗೆಯೇ.

ಒಂದು ದಿನ ಊಟದ ಹೊತ್ತಾದರೂ ಅವನು ಮೆಟ್ಟಿಲ ಮೇಲಿಂದ ಏಳಲಿಲ್ಲ. ಬುದ್ಧಿಯವರು ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು.

"ಯಾರ ಹತ್ತಿರ ಮಗ, ಇಷ್ಟು ಹೊತ್ತು ಮಾತು?"

"ಗೊತ್ತಿಲ್ಲ ಬುದ್ಧಿ. ಯಾರೋ ಒಬ್ಬ."

"ಯಾವೂರವರು?"

"ಅದೂ ಗೊತ್ತಿಲ್ಲ."

"ಊಟ ಮಾಡಿದ್ದಾರಾ?"

ನಾಗಮಲ್ಲ ನಕ್ಕುಬಿಟ್ಟ. "ಅದನ್ನೆಲ್ಲ ಅಲ್ಲಿ ಕೇಳುವುದಿಲ್ಲ ಬುದ್ಧಿ. ಅಲ್ಲಿ ವಿಚಾರ ಮುಖ್ಯ, ವ್ಯಕ್ತಿ ಮುಖ್ಯ ಅಲ್ಲ."

"ಓಹೋ," ಅಂದರು ಬುದ್ಧಿಯವರು. "ಹಾಗಾದರೆ ನೀನು ಬೈದದ್ದು ವಿಚಾರಕ್ಕೋ, ಆ ಮನುಷ್ಯನಿಗೋ?"

ಫೋನು ಮತ್ತೆ ಸದ್ದು ಮಾಡಿತ್ತು. ನಾಗಮಲ್ಲನ ಕಣ್ಣು ಅಲ್ಲಿಗೆ ಹೋಗಿತ್ತು. ಬುದ್ಧಿಯವರು ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಒಳಗೆ ಹೋದರು. ಅವತ್ತು ಅವನ ಎಲೆಯ ಮೇಲಿನ ಅನ್ನಕ್ಕೆ ಇರುವೆ ಮುತ್ತಿದವು.

ಹೀಗೇ ನಡೆಯಿತು. ನಾಗಮಲ್ಲನಿಗೆ ಹೆಸರು ಬಂತು. ‘ವೈಯಾಕರಣರು ಏನನ್ನುತ್ತಾರೆ ನೋಡೋಣ’ ಅಂತ ಜನ ಕಾಯತೊಡಗಿದರು. ಮಕ್ಕಳ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದ ಅರ್ಧ ಪಾಠವನ್ನು ಬುದ್ಧಿಯವರು ತಾವೇ ಮಾಡಿ ಮುಗಿಸುತ್ತಿದ್ದರು.

ಇನ್ನೊಂದು ಮಧ್ಯಾಹ್ನ. ಬುದ್ಧಿಯವರು ಜಗುಲಿಯ ಮೇಲೆ ಚಾಪೆ ಹಾಕಿಸಿಕೊಂಡು ಅಡ್ಡಾಗಿದ್ದರು. ನಾಗಮಲ್ಲ ಕಂಬಕ್ಕೆ ಒರಗಿ ಒಬ್ಬನೇ ನಗುತ್ತಿದ್ದ. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು.

"ಏನು ಮಗ, ನಮಗೂ ಹೇಳು. ನಾವೂ ನಗ್ತೀವಿ."

"ಬುದ್ಧಿ, ಇವತ್ತಿನ ವಾದ ಕೇಳಬೇಕು ನೀವು. ಫೋನಿನಿಂದ ನಮ್ಮ ಸಂಸ್ಕೃತಿ ಕೆಟ್ಟಿತೋ ಇಲ್ಲವೋ ಅನ್ನುವುದು ವಿಷಯ. ಕೆಟ್ಟಿದೆ ಅಂತ ನನ್ನ ಪಕ್ಷ."

"ಅದನ್ನ ಫೋನಿನಲ್ಲೇ ಬರೆದೆಯಾ?"

"ಮತ್ತೆಲ್ಲಿ ಬರೆಯುವುದು ಬುದ್ಧಿ?"

"ಸರಿ, ಓದು. ಕೇಳುವಾ."

ನಾಗಮಲ್ಲ ಗಂಟಲು ಸರಿಮಾಡಿಕೊಂಡು ತಾನು ಬರೆದದ್ದನ್ನು ಮೊದಲು ಓದಿದ. ಬಹಳ ಸೊಗಸಾದ ಕನ್ನಡ. ತಾಯಂದಿರು ಮಕ್ಕಳ ಮುಖ ನೋಡುವುದನ್ನು ಬಿಟ್ಟು ಫೋನಿನ ಮುಖ ನೋಡುತ್ತಿದ್ದಾರೆ, ಮನೆ ಮನೆಯಾಗಿ ಉಳಿದಿಲ್ಲ ಅಂತೆಲ್ಲ ಇತ್ತು.

"ಚೆನ್ನಾಗಿದೆ," ಅಂದರು ಬುದ್ಧಿಯವರು. "ಇದಕ್ಕೆ ನಗುವುದು ಏನಿದೆ?"

"ಇದಕ್ಕಲ್ಲ. ಇದಕ್ಕೆ ಒಬ್ಬ ಹೆಂಗಸು ಉತ್ತರ ಕೊಟ್ಟಿದ್ದಾಳೆ. ಪುಟ್ಟಸಿದ್ದಮ್ಮ ಅಂತ ಹೆಸರು. ಅವಳ ಕನ್ನಡ ಕೇಳಿ." ಅವನು ಒಂದೊಂದು ಅಕ್ಷರವನ್ನೂ ಅದು ಇದ್ದ ಹಾಗೇ ಒತ್ತಿ ಒತ್ತಿ ಓದಿದ. "‘ಸಾಮಿ, ಪೋನ ಬೈಬ್ಯಾಡಿ. ನನ್ನ ಒಳಕ್ಕೆ ಬುಡ್ನಿಲ್ಲ. ನಮ್ಮ ಅಕ್ಕಿ ಆರಿ ಓಗೋದ್ನ ಪೋನಲ್ಲೇ ನೋಡ್ದೆ.’"

ಓದಿ ಮತ್ತೆ ನಕ್ಕ. "ಅದಕ್ಕೆ ನಾನು ಬರೆದದ್ದು ಕೇಳಿ ಬುದ್ಧಿ. ‘ಅಕ್ಕಿ ಆರುವುದನ್ನು ಫೋನಿನಲ್ಲಿ ನೋಡುವ ಮಹಾತಾಯಿಯವರೇ, ಆರಿದ್ದರೆ ಬಾಚಿ ಡಬ್ಬಕ್ಕೆ ತುಂಬಿ. ಬಿಡುವಾದಾಗ ಹಕಾರ ಕಲಿಯಿರಿ.’ ಜನ ಬಿದ್ದು ಬಿದ್ದು ನಗುತ್ತಿದ್ದಾರೆ."

ಬುದ್ಧಿಯವರು ನಗಲಿಲ್ಲ. ಎದ್ದು ಕೂತಿದ್ದರು.

"ಯಾರು ತೀರಿಕೊಂಡದ್ದು ಆ ತಾಯಿಗೆ?" ಅಂದರು.

"ಏನಂದಿರಿ ಬುದ್ಧಿ?"

"ಯಾರು ಹೋದದ್ದು ಅಂದೆ. ಮಗನೋ, ಮಗಳೋ?"

ನಾಗಮಲ್ಲ ತಡವರಿಸಿದ. "ಬುದ್ಧಿ, ಇಲ್ಲಿ ಬರೆದಿರುವುದು ಅಕ್ಕಿ..."

"ನಾನು ಬರೆದದ್ದನ್ನ ನೋಡಲಿಲ್ಲ ಮಗ. ನನಗೆ ಕಣ್ಣು ಕಾಣೋದಿಲ್ಲ. ನೀನು ಓದಿದ್ದನ್ನ ಕೇಳಿದೆ ಅಷ್ಟೇ. ನಮ್ಮ ಹಕ್ಕಿ ಹಾರಿ ಹೋಗೋದನ್ನ ಫೋನಿನಲ್ಲೇ ನೋಡಿದೆ ಅಂದರು ಆ ತಾಯಿ."

ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ನಾಗಮಲ್ಲ ಅದನ್ನೇ ಕೇಳಿಸಿಕೊಳ್ಳುವವನ ಹಾಗೆ ಆ ಕಡೆ ತಿರುಗಿದ.

"ನಿಮ್ಮವ್ವ ಅಂಗಳದಲ್ಲಿ ನಿಂತು ‘ನೋಡ್ಲಾ ಮಗ, ಮರದ ಮ್ಯಾಲೆ ಅಕ್ಕಿ ಕೂತದೆ’ ಅಂದಾಗ, ನೀನು ಮರದಲ್ಲಿ ಅಕ್ಕಿ ಹುಡುಕುತ್ತಿದ್ದೆಯಾ?"

"ಇಲ್ಲ ಬುದ್ಧಿ."

ಅವನವ್ವನ ನಾಲಗೆಗೂ ಹಕಾರ ಬರುತ್ತಿರಲಿಲ್ಲ. ಆ ಸೀಮೆಯಲ್ಲಿ ಬಹಳ ಜನಕ್ಕೆ ಬರುವುದಿಲ್ಲ. ಹೋಗು ಅನ್ನುವುದು ಓಗು ಆಗುತ್ತದೆ, ಹೂವು ಊವು ಆಗುತ್ತದೆ. ಹಾಗೆ ಆಡಿಯೇ ಅವರೆಲ್ಲ ಮಕ್ಕಳನ್ನು ಸಾಕಿದ್ದಾರೆ, ಹಾಗೆ ಆಡಿಯೇ ಸತ್ತವರನ್ನು ನೆನೆದು ಅತ್ತಿದ್ದಾರೆ. ಯಾರಿಗೂ ಅರ್ಥವಾಗದೆ ಹೋಗಿದ್ದಿಲ್ಲ.

"ನೀನು ಈ ಮಠಕ್ಕೆ ಬಂದ ದಿನ ಬಾಗಿಲಲ್ಲಿ ನಿಂತು ಏನಂದೆ, ನೆನಪಿದೆಯಾ?"

ನೆನಪಿತ್ತು. ನಾಗಮಲ್ಲ ತಲೆ ತಗ್ಗಿಸಿದ. "‘ಒಟ್ಟೆ ಅಸೀತದೆ ಬುದ್ಧಿ’ ಅಂದಿದ್ದೆ. ಹುಡುಗರೆಲ್ಲ ನಕ್ಕರು."

"ನಾನೇನು ಮಾಡಿದೆ?"

"ಅನ್ನ ಬಡಿಸಿದಿರಿ."

"ಹಕಾರ ಯಾವಾಗ ಹೇಳಿಕೊಟ್ಟೆ?"

"ಆಮೇಲೆ. ಬಾಯಿ ಮುಂದೆ ಅಂಗೈ ಹಿಡಿಸಿ, ಉಸಿರು ತಾಕುತ್ತದಾ ನೋಡು ಅಂತ ಹೇಳಿಕೊಟ್ಟಿರಿ."

ಬುದ್ಧಿಯವರು ಮೆಲ್ಲಗೆ ಕೇಳಿದರು. ಆ ಪ್ರಶ್ನೆ ಬರುತ್ತದೆ ಅಂತ ನಾಗಮಲ್ಲನಿಗೂ ಗೊತ್ತಿತ್ತು.

"ಓದಿದಾಗ ನಿನಗೆ ಗೊತ್ತಾಗಲಿಲ್ಲವಾ ಮಗ?"

ಇಲ್ಲ ಅಂದುಬಿಡಬಹುದಿತ್ತು. ಗುರುಗಳ ಕಣ್ಣಿಗೆ ಪೊರೆ, ಮುಖ ಕಾಣುವುದಿಲ್ಲ. ಆದರೆ ಕಿವಿ ಇತ್ತಲ್ಲ.

"ಗೊತ್ತಾಯಿತು ಬುದ್ಧಿ."

"ಯಾವಾಗ?"

"ಓದಿದ ತಕ್ಷಣ. ನಾನು ಬರೆಯೋಕೆ ಮುಂಚೆಯೇ."

"ಮತ್ತೆ?"

"ಮಾತು ಚೆನ್ನಾಗಿ ಒದಗಿ ಬಂತು ಬುದ್ಧಿ. ಬಿಡೋಕೆ ಮನಸ್ಸಾಗಲಿಲ್ಲ."

ಹೇಳಿದ ಮೇಲೆ ಅವನಿಗೆ ತನ್ನ ಬಾಯಿಂದ ಎಂಥ ಮಾತು ಬಂತು ಅನ್ನುವುದು ತಿಳಿಯಿತು. ಬುದ್ಧಿಯವರು ಬೈಯಲಿ, ಕೋಲು ತೆಗೆದುಕೊಂಡು ಒಂದು ಬಾರಿಸಲಿ ಅಂತ ಆಸೆಪಟ್ಟ. ಅವರು ಬೈಯಲಿಲ್ಲ.

"ಸಾವಾದ ಮನೆಗೆ ಹೋದವರು ಏನು ಮಾಡ್ತಾರೆ ಮಗ?"

"ಸುಮ್ಮನೆ ಕೂತಿದ್ದು ಬರುತ್ತಾರೆ."

"ನೀನು ಹೋಗಿ ವ್ಯಾಕರಣ ಹೇಳಿ ಬಂದೆ."

ಇಷ್ಟು ಅಂದು ಬುದ್ಧಿಯವರು ಗೋಡೆಯ ಕಡೆ ತಿರುಗಿ ಮಲಗಿದರು. ನಿದ್ದೆ ಬಂದಿರಲಿಲ್ಲ. ಅವರ ಭುಜ ಅಲುಗುತ್ತಿದ್ದದ್ದು ನಾಗಮಲ್ಲನಿಗೆ ಕಂಡಿತು. ಊರು ಯಾವುದೋ ತಿಳಿಯದ ಒಬ್ಬ ಹೆಂಗಸಿಗಾಗಿ ಗುರುಗಳು ಅಳುತ್ತಿದ್ದಾರೆ, ತಾನು ಮಾತ್ರ ಒಣಗಿದ ಕಣ್ಣಿನಲ್ಲಿ ಕೂತಿದ್ದೇನೆ ಅನ್ನಿಸಿ ಅವನಿಗೆ ನಾಚಿಕೆಯಾಯಿತು.

ಕೂಡಲೇ ತಾನು ಬರೆದದ್ದನ್ನು ಅಳಿಸಿದ. ಅಳಿಸುವುದು ಎಷ್ಟು ಹೊತ್ತಿನ ಕೆಲಸ, ಬೆರಳು ಒತ್ತಿದರೆ ಆಯಿತು. ಆದರೆ ಅಷ್ಟರಲ್ಲಿ ಯಾರೋ ಅದರ ಫೋಟೊ ತೆಗೆದಿಟ್ಟುಕೊಂಡಿದ್ದರು. ಅದು ಊರೂರು ತಿರುಗುತ್ತಿತ್ತು. ನೆರೆಯ ನೀರಿನ ವಿಷಯಕ್ಕೆ ಜಗಳವಾದರೂ, ಸಿನಿಮಾದ ವಿಷಯಕ್ಕೆ ಜಗಳವಾದರೂ, ಸೋತವನಿಗೆ ‘ಅಕ್ಕಿ ಆರಿತಾ?’ ಅನ್ನುವುದು ಒಂದು ಮಾತಾಗಿಬಿಟ್ಟಿತು. ಆ ಮಾತು ಎಲ್ಲಿಂದ ಬಂತು ಅಂತ ಆಡುವವರಿಗೇ ಗೊತ್ತಿರಲಿಲ್ಲ.

ನಾಗಮಲ್ಲ ಎಲ್ಲರೆದುರಿಗೂ ಕ್ಷಮೆ ಕೇಳಿ ಬರೆದ. ಉದ್ದಕ್ಕೆ ಬರೆದ. ಅದರ ಕೆಳಗೆ ಹೊಸ ಜಗಳ ಹುಟ್ಟಿತು. ಕೆಲವರು ಇವನನ್ನು ದೊಡ್ಡ ಮನುಷ್ಯ ಅಂದರು. ಕೆಲವರು ಇವನು ಯಾವ ಪಕ್ಷದವನು, ಯಾವ ಜಾತಿಯವನು ಅಂತ ಕೆದಕಿದರು. ಒಬ್ಬನಾದರೂ ಆ ಹೆಂಗಸು ಹೇಗಿದ್ದಾರೆ ಅಂತ ಕೇಳಲಿಲ್ಲ.

"ಕ್ಷಮೆ ಕೇಳಿದೆ ಬುದ್ಧಿ," ಅಂತ ಬಂದು ಹೇಳಿದ.

"ಯಾರನ್ನ?"

"ಆ ತಾಯಿಯನ್ನ. ಎಲ್ಲರೆದುರಿಗೂ."

"ಎಲ್ಲರೂ ಏನಂದರು?"

"ಬಹಳ ಜನ ಮೆಚ್ಚಿಕೊಂಡರು ಬುದ್ಧಿ."

"ಹಾಗಾದರೆ ಅದೂ ನಿನಗೇ ಸಿಕ್ಕಿತು," ಅಂದರು ಬುದ್ಧಿಯವರು. "ಆ ತಾಯಿಗೆ ಏನು ಸಿಕ್ಕಿತು?"

ಅವನು ಮೊದಲ ಸಲ ಪುಟ್ಟಸಿದ್ದಮ್ಮನ ಹೆಸರಿನ ಮೇಲೆ ಬೆರಳಿಟ್ಟ. ಇಷ್ಟು ದಿನ ಅಷ್ಟೂ ಮಾಡಿರಲಿಲ್ಲ. ಅವರದೊಂದು ಪುಟ ತೆರೆದುಕೊಂಡಿತು.

ಪುಟದ ತುಂಬ ಒಂದೇ ಹುಡುಗಿಯ ಫೋಟೊ. ಎರಡು ಜಡೆಯ ಹುಡುಗಿ, ಆಮೇಲೆ ಒಂದು ಜಡೆಯ ಹುಡುಗಿ, ಆಮೇಲೆ ಗಾರ್ಮೆಂಟ್ಸಿನ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ನಗುತ್ತಿರುವ ಹುಡುಗಿ. ಅದರ ಕೆಳಗೆ ಅವ್ವನ ಅಕ್ಷರ. ‘ನನ್ ಮಗ್ಳು ಚಂದ್ರಿ. ಪ್ಯಾಟೇಲಿ ಕೆಲ್ಸಕ್ ಓಗ್ತಾಳೆ. ನಂಗೆ ಅಕ್ಸರ ಏಳ್ಕೊಡ್ತಾಳೆ.’

ನಾಗಮಲ್ಲ ಕೆಳಗೆ ಕೆಳಗೆ ಓದುತ್ತಾ ಹೋದ. ಹುಡುಗಿ ಪೇಟೆಯಿಂದ ಫೋನಿನಲ್ಲಿ ಅವ್ವನಿಗೆ ಬರೆಯುವುದನ್ನು ಕಲಿಸಿದ್ದಳು. ಒಂದು ಕಡೆ ಅವ್ವ ಬರೆದಿದ್ದಳು, ‘ಇವತ್ತು ನನ್ ಎಸ್ರು ನಾನೇ ಬರ್ದೆ.’ ಅದರ ಕೆಳಗೆ ಮಗಳು ಬರೆದಿದ್ದಳು, ‘ತಪ್ಪಾದ್ರೆ ಆಗ್ಲಿ, ನೀನು ಬರಿಯವ್ವ. ನಾನಿಲ್ವಾ.’

ಅದಾದ ಮೇಲೆ ಜ್ವರದ ಸುದ್ದಿ. ಅಂಟು ಜ್ವರವಂತೆ, ಆಸ್ಪತ್ರೆಯಲ್ಲಿ ಯಾರನ್ನೂ ಹತ್ತಿರ ಬಿಡುವ ಹಾಗಿಲ್ಲವಂತೆ. ನರ್ಸಮ್ಮ ಫೋನು ಹಿಡಿದುಕೊಂಡು ಚಂದ್ರಿಯ ಮುಖ ತೋರಿಸುತ್ತಾರಂತೆ. ಆಮೇಲೆ ಬಹಳ ದಿನ ಏನೂ ಇರಲಿಲ್ಲ. ಬಹಳ ದಿನದ ಮೇಲೆ ಪುಟ್ಟಸಿದ್ದಮ್ಮ ಮತ್ತೆ ಬರೆದ ಮೊದಲ ಮಾತೇ ಅದು. ಫೋನನ್ನು ಬೈಯಬೇಡಿ ಅಂತ ಇವನಿಗೆ ಬರೆದದ್ದು.

ನಾಗಮಲ್ಲ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತ. ಪಾಠಕ್ಕೆ ಬಂದ ಮಕ್ಕಳು ಬಾಗಿಲಲ್ಲಿ ನಿಂತು ನೋಡಿ ಹಿಂದಕ್ಕೆ ಹೋದವು.

ಆಮೇಲೆ ಅವರೊಬ್ಬರಿಗೇ ಬರೆದ. ಈ ಸಲ ಸೊಗಸಾಗಿ ಬರೆಯಲು ಹೋಗಲಿಲ್ಲ. ‘ಅಮ್ಮ, ನೀವು ಬರೆದದ್ದು ನನಗೆ ಅರ್ಥವಾಗಿತ್ತು. ಅರ್ಥವಾಗಿಯೂ ಆಡಿಕೊಂಡೆ. ನನ್ನವ್ವನೂ ನಿಮ್ಮ ಹಾಗೇ ಮಾತಾಡುತ್ತಿದ್ದಳು. ತಪ್ಪಾಯಿತು. ನೀವು ಬರೆಯುವುದನ್ನು ಬಿಡಬೇಡಿ.’

ಉತ್ತರ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ವೈಯಾಕರಣರು ಎಲ್ಲಿ ಹೋದರು ಅಂತ ಜನ ಕರೆಯುತ್ತಿದ್ದರು. ಇವನು ಆ ಕಡೆ ತಿರುಗಿ ನೋಡಲಿಲ್ಲ. ಪಾಠ ಹೇಳುವುದು, ಹೊಳೆಯಿಂದ ನೀರು ತರುವುದು, ಫೋನು ನೋಡುವುದು. ಅವರು ಒಂದು ಸಲ ಬೈದುಬಿಟ್ಟರೆ ಸಾಕು, ತಾನು ಬದುಕಿಕೊಳ್ಳುತ್ತೇನೆ ಅನ್ನಿಸುತ್ತಿತ್ತು.

"ಅವರು ಬೈದರೆ ನಿನಗೆ ಹಗುರಾಗುತ್ತದೆ," ಅಂದರು ಬುದ್ಧಿಯವರು. "ಅವರಿಗೇನಾಗುತ್ತದೆ ಅಂತ ನೋಡು."

ಎಷ್ಟೋ ದಿನದ ಮೇಲೆ, ಬೆಳಗಿನ ಪೂಜೆ ಮುಗಿದ ಹೊತ್ತಿನಲ್ಲಿ ಉತ್ತರ ಬಂತು. ನಾಗಮಲ್ಲ ಓಡಿಬಂದು ಗುರುಗಳ ಕಾಲ ಬಳಿ ಕೂತ.

"ಬಂತು ಬುದ್ಧಿ. ಅವರು ಬರೆದಿದ್ದಾರೆ."

"ಓದು."

ಅವನು ಓದತೊಡಗಿದ.

"‘ಹಣ್ಣಾ, ನಿಮ್ಮ ತಪ್ಪು ಹೇನಿಲ್ಲ. ನಂಗೆ ಹಕ್ಷರ ಬರಲ್ಲ. ಮಗಳು ಹೇಳಿಕೊಟ್ಟಿದ್ದು ಹಷ್ಟೇ. ಪಕ್ಕದ ಮನೆ ಹುಡುಗೀನ ಕೇಳಿ ಹೀಗ ಸರಿ ಬರೆದೀನಿ. ಹಕ್ಕಿ ಹಾರಿ ಹೋಯ್ತು. ಸರಿಯಾ ಹಣ್ಣಾ. ಹಕ್ಷರ ಹೇಳಿಕೊಟ್ಟ ಹವಳ ಮೇಲೆ ತಪ್ಪು ಬರೋದು ಬ್ಯಾಡ. ಹದಕ್ಕೆ ಹಿನ್ಮೇಲೆ ನಾನು ಬರೆಯಲ್ಲ.’"

ಬೇಕಾದ ಕಡೆಗೂ ಬೇಡದ ಕಡೆಗೂ ಆ ತಾಯಿ ಹಕಾರ ಹಾಕಿದ್ದರು.

"ಇನ್ನೊಂದು ಸಲ ಓದು ಮಗ," ಅಂದರು ಬುದ್ಧಿಯವರು. "ನಿಮ್ಮವ್ವ ಓದಿದ್ದರೆ ಹೇಗೆ ಓದುತ್ತಿದ್ದರೋ, ಹಾಗೆ ಓದು."

ನಾಗಮಲ್ಲ ಓದಲು ಹೋದ. "ಅಣ್ಣಾ, ನಿಮ್ಮ ತಪ್ಪು ಏನಿಲ್ಲ. ನಂಗೆ ಅಕ್ಸರ ಬರಲ್ಲ. ಮಗಳು ಏಳ್ಕೊಟ್ಟಿದ್ದು ಅಷ್ಟೇ..." ಅವನಿಗೆ ಮುಂದಕ್ಕೆ ಆಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತು, ಮಗನನ್ನು ಮಠಕ್ಕೆ ಬಿಟ್ಟು ಹೋದ ಅವನವ್ವನ ದನಿಯೇ ಆಗಿತ್ತು ಅದು.

"ಏನ್ ಏಳ್ಲಿ ಬುದ್ಧಿ ಅವರಿಗೆ?" ಅಂದ. ಎಷ್ಟೋ ವರ್ಷದ ಮೇಲೆ ಅವನ ನಾಲಗೆಯಿಂದ ಹಕಾರ ಜಾರಿಹೋಗಿತ್ತು. ಅವನಿಗೆ ಅದು ಗೊತ್ತಾಗಲೇ ಇಲ್ಲ. "ಇನ್ ಮ್ಯಾಲೆ ಯಾರ ಮಾತನ್ನೂ ಆಡ್ಕೊಳಲ್ಲ. ನಾನು ತಿದ್ಕೋತೀನಿ ಬುದ್ಧಿ. ಆಣೆಗೂ ತಿದ್ಕೋತೀನಿ."

ಬುದ್ಧಿಯವರು ಕೈಯಾಡಿಸಿ ಅವನ ತಲೆ ಹುಡುಕಿದರು. ಸಿಕ್ಕಿದ ಮೇಲೆ ಬಹಳ ಹೊತ್ತು ಅಂಗೈಯನ್ನು ಅಲ್ಲೇ ಇಟ್ಟಿದ್ದರು.

"ನೀನು ತಿದ್ದಿಕೊಳ್ಳುತ್ತೀಯ ಮಗ," ಅಂದರು. "ಆ ತಾಯಿಯೂ ಇನ್ನು ತಪ್ಪು ಬರೆಯೋದಿಲ್ಲ."